ಮೈಯೆಂದರೆ ಬರೀ ನೀರಲ್ಲ

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಯ ಮನೆಗಳಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರಂತೆ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. 1973ರಲ್ಲಿ ಶುರುವಾದ ಆ ಕ್ಯಾನ್ಸರ್ ಸಂಸ್ಥೆಯೇ ಬಡವರಿಗೆ ಆಸರೆ. ನಾನಾಗ ನಗರದ ಒಂದು ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಭೌತವಿಜ್ಞಾನಿ. ಜನ ‘ಕರೆಂಟ್ ಕೊಡಿಸೋದು’ ಅನ್ನುತ್ತಿದ್ದ ಚಿಕಿತ್ಸೆಯ ಲೆಕ್ಕ ನಮ್ಮದು.

ರೋಗಿಯ ಮೈಸುತ್ತ ಸೀಸದ ತಂತಿ ಬಾಗಿಸಿ ಆಕಾರ ಹಿಡಿಯುತ್ತಿದ್ದೆವು. ಅದನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ, ಸಮಾನ ಡೋಸಿನ ಗೆರೆಗಳಿರುವ ಐಸೋಡೋಸ್ ಚಾರ್ಟು ಮೇಲಿಟ್ಟು, ಗೆಡ್ಡೆಗೆ ಸೇರುವ ಡೋಸನ್ನು ಪೆನ್ಸಿಲಿನಲ್ಲಿ ಕೂಡುತ್ತಿದ್ದೆವು. ನಮ್ಮ ಯಂತ್ರದಲ್ಲಿ ವಿಕಿರಣ ಸೂಸುತ್ತಿದ್ದ ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಪ್ರತಿ ತಿಂಗಳೂ ಚಿಕಿತ್ಸೆಯ ಸಮಯವನ್ನು ಶೇ 1ರಷ್ಟು ಏರಿಸಬೇಕಿತ್ತು. ಮೂಲ ಅಳತೆಗಳೆಲ್ಲ ನೀರಿನ ತೊಟ್ಟಿಯಲ್ಲಿ ಮಾಡಿದವು. ನಮ್ಮ ಲೆಕ್ಕದ ಮಟ್ಟಿಗೆ ಮನುಷ್ಯನ ಮೈಯೆಂದರೆ ನೀರು.

ಆಮೇಲೆ ಸಿ.ಟಿ. ಸ್ಕ್ಯಾನ್ ಬಂತು, ಲೀನಿಯರ್ ಆಕ್ಸಿಲರೇಟರ್ ಬಂತು. ಪ್ಲಾನಿಂಗ್ ಪೂರ್ತಿ ಕಂಪ್ಯೂಟರಿಗೆ ಹೋಯಿತು. ಎಲುಬು, ಶ್ವಾಸಕೋಶಗಳನ್ನು ಅದು ಬೇರೆಬೇರೆಯಾಗಿ ಎಣಿಸಿತು. ಬಸವನಗುಡಿಯವರಿಗೆ ಶಂಕರಪುರದ ಶಂಕರಮಠದ ಆವರಣದಲ್ಲೇ ಕ್ಯಾನ್ಸರ್ ಆಸ್ಪತ್ರೆಯಾಯಿತು. ಆದರೂ ಪ್ರಶ್ನೆ ಹಳೆಯದೇ: ಎಲ್ಲಿಗೆ ಎಷ್ಟು ಗ್ರೇ (ಡೋಸಿನ ಅಳತೆ) ಬಿತ್ತು?

ಆ ಪ್ರಶ್ನೆಯನ್ನು ಬದಲಿಸಿದ್ದು ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಗೆಡ್ಡೆಯ ವಿರುದ್ಧ ಎಬ್ಬಿಸುವ ಚಿಕಿತ್ಸೆ. ವಿಕಿರಣಕ್ಕೆ ಸತ್ತ ಗೆಡ್ಡೆಯ ಚೂರುಗಳು ರೋಗನಿರೋಧಕ ಟಿ-ಕೋಶಗಳನ್ನು ಎಚ್ಚರಿಸಬಲ್ಲವು. ಅದೇ ವಿಕಿರಣ ರಕ್ತದಲ್ಲಿ ಹರಿಯುವ, ಟಿ-ಕೋಶಗಳೂ ಸೇರಿದ ಲಿಂಫೋಸೈಟುಗಳನ್ನೂ ಕೊಲ್ಲುತ್ತದೆ. ಅವು ಬಲು ಸೂಕ್ಷ್ಮ. ಹಾಗಾದರೆ ದಿನಕ್ಕೆ 2 ಗ್ರೇಯಂತೆ ವಾರಗಟ್ಟಲೆ ಕೊಡಬೇಕೋ, ಕೆಲವೇ ದಿನ ಹೆಚ್ಚು ಹೆಚ್ಚು ಕೊಡಬೇಕೋ? ಔಷಧಿ ಮೊದಲೋ, ಆಮೇಲೋ? ಇಷ್ಟೂ ಬಗೆಯನ್ನು ರೋಗಿಗಳ ಮೇಲೆ ಪರೀಕ್ಷಿಸಲಾಗದು. ಅದಕ್ಕೇ ಕಂಪ್ಯೂಟರ್ ಸಿಮ್ಯುಲೇಷನ್: ಗೆಡ್ಡೆಯ ಕೋಶ, ಟಿ-ಕೋಶ, ಔಷಧಿ, ಡೋಸು ಎಲ್ಲವನ್ನೂ ಸಮೀಕರಣಗಳಲ್ಲಿ ಕಟ್ಟಿ, ದಿನದಿನದ ಏರಿಳಿತ ನೋಡುವುದು. ಅದು ಚಿಕಿತ್ಸೆಯನ್ನು ತೀರ್ಮಾನಿಸುವುದಿಲ್ಲ. ಯಾವ ದಾರಿ ಪರೀಕ್ಷೆಗೆ ಯೋಗ್ಯ ಎಂದು ತೋರಿಸುತ್ತದೆ.

ಇಂಥ ಔಷಧಿ ದುಬಾರಿಯಾದ ನಮ್ಮ ದೇಶಕ್ಕೆ ಈ ಸಿಮ್ಯುಲೇಷನ್ ಬೇಕೇಬೇಕು. ತಲೆ-ಕುತ್ತಿಗೆಯ ಕ್ಯಾನ್ಸರ್ ಉಲ್ಬಣಿಸಿದವರಿಗೆ ಕಿಮೊಥೆರಪಿ ಮಾತ್ರೆಗಳ ಜೊತೆ ಇಮ್ಯುನೊಥೆರಪಿಯ ಔಷಧಿ ನಿವೊಲುಮ್ಯಾಬನ್ನು ವಾಡಿಕೆಯ ಡೋಸಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಕೊಟ್ಟಾಗ, ಒಂದು ವರ್ಷ ಬದುಕಿದವರು ಶೇ 16ರಿಂದ 43ಕ್ಕೇರಿದರೆಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2022ರಲ್ಲಿ ತೋರಿಸಿತು. ಅಂಥ ಕಡಿಮೆ ಡೋಸಿಗೆ ರೇಡಿಯೇಷನ್ನನ್ನು ಹೇಗೆ ಹೊಂದಿಸಬೇಕೆಂಬುದನ್ನು ನಮ್ಮ ರೋಗಿಗಳ ಅಂಕಿಗಳೇ ಹೇಳಬೇಕು. ಈಗಿನ ತರುಣ ಭೌತವಿಜ್ಞಾನಿಗಳಲ್ಲಿ ನನ್ನ ಕೋರಿಕೆ ಒಂದೇ: ಪ್ರತಿ ರೋಗಿಯ ಡೋಸ್ ಪ್ಲಾನಿನ ಜೊತೆಗೆ ವಾರವಾರದ ಲಿಂಫೋಸೈಟ್ ಎಣಿಕೆಯನ್ನೂ ಸೇರಿಸಿಡಿ. ಮುಂದಿನ ಲೆಕ್ಕ ಅಲ್ಲಿಂದಲೇ ಶುರು.