ಎಲೆಯುದುರುವ ಮುನ್ನ ಬಂದ ಹಿಮ



ಪರರಿಗೊದಗಿದ ಅನರ್ಥದಲ್ಲಿ ನೀತಿಪಾಠವನ್ನು ಹುಡುಕುವುದು ಉಪದೇಶಕ್ಕೆ ನಿಂತವರಿಗೆ ಸುಲಭವಾಗಿ ಅಂಟುವ ಚಾಳಿ. ನಮ್ಮ ಆ ಚಾಳಿಯನ್ನು ನಮಗೇ ತೋರಿಸಿಕೊಟ್ಟ ಒಂದು ರಾತ್ರಿಯ ಸಂಗತಿಯನ್ನು ತಮ್ಮಲ್ಲಿ ನಿವೇದಿಸುತ್ತೇವೆ.

2011ರ ಅಕ್ಟೋಬರ್ ತಿಂಗಳ ಕೊನೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಸಮೀಪ, ಕನ್ನಡಿಗ ಭಕ್ತರೊಬ್ಬರ ಮನೆಯಲ್ಲಿ ನಾವು ಇಳಿದುಕೊಂಡಿದ್ದೆವು. ಅವರ ಅಂಗಳದ ಮೇಪಲ್ ವೃಕ್ಷವು ಹಳದಿ ಕೆಂಪುಗಳಿಂದ ದೀಪದ ಮಲ್ಲಿಯಂತೆ ಬೆಳಗುತ್ತಿತ್ತು. 29ನೆಯ ತಾರೀಖು ಶನಿವಾರ ಹಿಮ ಬೀಳಲಾರಂಭಿಸಿತು. ಒಣಗಿದ ಹಗುರ ಹಿಮವಲ್ಲ. ನೀರು ತುಂಬಿದ ಭಾರವಾದ ಹಿಮ. ಬರಿಯ ಕೊಂಬೆಗಳ ನಡುವೆ ಅದು ಬಹುಮಟ್ಟಿಗೆ ಜಾರಿಹೋಗುತ್ತಿತ್ತು. ಎಲೆ ತುಂಬಿದ ಮರದಲ್ಲಿ ಪ್ರತಿಯೊಂದು ಎಲೆಯೂ ಅದನ್ನು ಅಂಗೈಯೊಡ್ಡಿ ಹಿಡಿಯಿತು. ಕೆಂಪಿನ ಮೇಲೆ ಬಿಳುಪು! ನಾವು ಕಿಟಕಿಯ ಬಳಿ ಕುಳಿತು ನೋಡಿ ದಣಿಯಲಿಲ್ಲ. ನೆರೆಮನೆಯ ವೃದ್ಧೆ ಮಾತ್ರ ಉದ್ದ ಹಿಡಿಯ ಪೊರಕೆಯನ್ನು ಹಿಡಿದು, ತಮ್ಮ ಮರದ ಕೊಂಬೆಗಳನ್ನು ಕೆಳಗಿನಿಂದ ಮೆಲ್ಲನೆ ಎತ್ತಿ ಎತ್ತಿ ಹಿಮವನ್ನು ಉದುರಿಸುತ್ತಿದ್ದರು. ಇಷ್ಟು ಸೊಗಸನ್ನು ಏಕೆ ಕೆಡಿಸುತ್ತಾರೆಂದು ನಮಗೆ ಅಸಮಾಧಾನವೇ ಆಯಿತು.

ಇರುಳೆಲ್ಲ ಕೋವಿ ಹಾರಿಸಿದಂತಹ ಸದ್ದು. ದೀಪಗಳು ಆರಿದವು. ಬೆಳಿಗ್ಗೆ ನೋಡಿದರೆ ನಮ್ಮ ಭಕ್ತರ ಮೇಪಲ್ ನಡುವೆ ಸೀಳಿ ಬಿದ್ದಿತ್ತು. ಕನೆಕ್ಟಿಕಟ್ಟಿನ ವಿಂಡ್ಸರ್ ಲಾಕ್ಸ್‌ನಲ್ಲಿ 12 ಅಂಗುಲಕ್ಕೂ ಮಿಗಿಲಾಗಿ, ಮ್ಯಾಸಚೂಸೆಟ್ಸಿನ ಪೆರು ಎಂಬ ಊರಿನಲ್ಲಿ 32 ಅಂಗುಲ ಹಿಮ ಬಿದ್ದಿತ್ತು. ಮುರಿದ ಮರಗಳು ತಂತಿಗಳ ಮೇಲೆ ಒರಗಿ ಆ ಪ್ರಾಂತದ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ತು ಇಲ್ಲವಾಯಿತು. ಕೆಲವೆಡೆ ಅದು ಮರಳಲು ವಾರಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನಮ್ಮ ನಾಲಗೆ ಸುಮ್ಮನಿರಲಿಲ್ಲ. “ನೋಡಿ, ಸಕಾಲದಲ್ಲಿ ತ್ಯಾಗ ಮಾಡದೆ ಹಿಡಿದುಕೊಂಡವರ ಗತಿ ಇದೇ” ಎಂದೆವು. ಆ ವೃದ್ಧೆಗೂ ಇದೇ ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಿದೆವು. ಅವರು ಜೀವಶಾಸ್ತ್ರದ ನಿವೃತ್ತ ಉಪಾಧ್ಯಾಯಿನಿ. “ಮರವು ಲೋಭದಿಂದ ಎಲೆಯನ್ನು ಹಿಡಿದಿರಲಿಲ್ಲ” ಎಂದರು. ಹಸಿರು ಅಳಿಯುವಾಗ ಎಲೆಯು ತನ್ನ ಸಾರಜನಕಾದಿ ಸತ್ತ್ವವನ್ನು ಮರಕ್ಕೆ ಹಿಂದಿರುಗಿಸುತ್ತದೆ. ಮುಂದಿನ ವಸಂತದ ಚಿಗುರಿಗೆ ಅದೇ ಬುತ್ತಿ. ಆಮೇಲೆ ತೊಟ್ಟಿನ ಬುಡದಲ್ಲಿ ಪದರವೊಂದು ಬಲಿತು ಎಲೆ ತಾನೇ ಕಳಚುತ್ತದೆ. ಆ ಬಣ್ಣವೆಲ್ಲ ನಡೆಯುತ್ತಿದ್ದ ಕಾಯಕದ ಗುರುತು. ಕೆಲಸ ಮುಗಿಯುವ ಮೊದಲೇ ಹಿಮ ಬಂದಿತು, ಅಷ್ಟೇ.

ಆಗ ನಮಗೆ ನಮ್ಮೂರಿನ ರೈತರೊಬ್ಬರ ಮುಖ ಕಣ್ಣಮುಂದೆ ಬಂದಿತು. 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಮೇಲೆ ಮಹಾಮಳೆ ಸುರಿದಾಗ ಅವರ ಸಜ್ಜೆಯ ಬೆಳೆ ನೆಲಕ್ಕೆ ಮಲಗಿತ್ತು. ಮಠಕ್ಕೆ ಬಂದು ಕಣ್ಣೀರು ತಂದವರಿಗೆ ನಾವು, “ಆಲಸ್ಯ ಮಾಡದೆ ಮೊದಲೇ ಕೊಯ್ದಿದ್ದರೆ?” ಎಂದಿದ್ದೆವು. “ಬಿತ್ತಿದ್ದ ತಡಾ ಆಗಿತ್ರೀ ಅಪ್ಪಾರ. ಕಾಳ ಇನ್ನಾ ಹಸೀ ಇತ್ತು, ಹೆಂಗ ಕೊಯ್ಯಲ್ರೀ?” ಎಂದು ಅವರು ತಲೆ ತಗ್ಗಿಸಿ ಹೋಗಿದ್ದರು. ಆಮೇಲೆ ಎರಡು ವರ್ಷ ಅವರು ಮಠದ ಕಡೆ ಮುಖ ಹಾಕಿರಲಿಲ್ಲ. ಅದನ್ನು ನಾವು ಗಮನಿಸಿಯೂ ಇರಲಿಲ್ಲ.

ಸ್ವದೇಶಕ್ಕೆ ಮರಳಿದ ವಾರವೇ ಅವರ ಮನೆಗೆ ಹೋಗಿ, “ಅಂದು ನಾವು ಆಡಿದ ಮಾತು ತಪ್ಪು” ಎಂದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಒಳಗೆ ತಿರುಗಿ, “ಅಪ್ಪಾರಿಗೆ ಹಾಲು ಕಾಸು” ಎಂದು ಮನೆಯವರಿಗೆ ಹೇಳಿದರು.

ವಾಚಕರೇ, ಸಕಾಲದ ತ್ಯಾಗವು ದೊಡ್ಡದೇ. ಆದರೆ ಬಿದ್ದವರೆಲ್ಲರೂ ಬಿಡಲಾರದೆ ಬಿದ್ದವರಲ್ಲ. ತಮ್ಮ ನೆರೆಯಲ್ಲಿ ಯಾರ ಮೇಲಾದರೂ ಅಕಾಲದ ಭಾರ ಬಿದ್ದುದನ್ನು ಕಂಡರೆ, ಕಾರಣವನ್ನು ಕೇಳುವುದಕ್ಕೆ ಮೊದಲು ಆ ವೃದ್ಧೆಯ ಪೊರಕೆಯನ್ನು ನೆನೆಯಿರಿ. ಮೇಲಿನಿಂದ ಬಡಿದರೆ ಭಾರ ಹೊತ್ತ ಕೊಂಬೆ ಮುರಿಯುತ್ತದೆ. ಕೆಳಗಿನಿಂದ ಮೆಲ್ಲನೆ ಎತ್ತಬೇಕು.