ಕರಿಯನ ಒಂಬತ್ತು ದಿನ

ಇಂಟರ್ನಲ್ಸ್ ಮುಗಿದ ದಿನ ಅಮ್ಮ ಫೋನ್ ಮಾಡಿದರು. "ಕರಿಯ ಊಟ ಬಿಟ್ಟು ಮೂರು ದಿನ ಆಯ್ತು. ಇಬ್ಬರೂ ಬಂದ್ಬಿಡಿ." ಅಕ್ಕ ತಮ್ಮ ಇಬ್ಬರೂ ಅವತ್ತೇ ರಾತ್ರಿ ಬಸ್ ಹತ್ತಿದೆವು. ಅಟೆಂಡೆನ್ಸ್ ಹೋದ್ರೆ ಹೋಗ್ಲಿ.

ಕರಿಯ ಯಾವ ಬ್ರೀಡೂ ಅಲ್ಲ, ಬೀದಿ ಮರಿ. ಪ್ರೈಮರಿಯಲ್ಲಿದ್ದಾಗ ಮಳೆಯಲ್ಲಿ ನೆನೆಯುತ್ತಿದ್ದವನನ್ನು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ತಂದಿದ್ದೆವು. ಈಗ ಅವನಿಗೆ 13 ವರ್ಷ.

ಪಶು ಆಸ್ಪತ್ರೆಯ ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಹೋಗಿದೆ ಅಂದರು. ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಿದೆವು. ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಕೆಲಸ ನಿಲ್ಲುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದಿಲ್ಲವಂತೆ. ಜಾಸ್ತಿ ನೀರು ಕುಡಿಯುವುದು, ತೂಕ ಇಳಿಯುವುದು ಮೊದಲ ಸೂಚನೆಗಳು. ದಸರಾ ರಜೆಯಲ್ಲಿ ಅವನು ಬಕೆಟ್‌ಗೆ ಬಾಯಿ ಹಾಕಿ ಗಟಗಟ ಕುಡಿಯುವುದನ್ನು ನಾವು ವಿಡಿಯೋ ಮಾಡಿ ನಕ್ಕಿದ್ದೆವು.

"ದಿನಾ ಗುರುತು ಹಾಕಿ. ತಿಂದ, ಎದ್ದು ನಿಂತ, ಬಾಲ ಆಡಿಸಿದ ಅಂದ್ರೆ ಒಳ್ಳೇ ದಿನ. ಕೆಟ್ಟ ದಿನ ಜಾಸ್ತಿ ಆದ್ರೆ ನನಗೆ ಹೇಳಿ" ಅಂದರು ಡಾಕ್ಟ್ರು. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಶುರು ಮಾಡಿದೆವು. ಡ್ರಿಪ್ ಹಾಕಿಸುತ್ತಾ ಒಂಬತ್ತು ದಿನ. ಎರಡು ಟಿಕ್, ಏಳು ಇಂಟು. ಎರಡರಲ್ಲಿ ಒಂದು ಟಿಕ್ ಸುಳ್ಳು. ಬೆರಳಿಗೆ ಅಂಟಿದ್ದ ಮೊಸರನ್ನ ನೆಕ್ಕಿದ್ದನಷ್ಟೇ. ಆ ಟಿಕ್ ಅವನಿಗೆ ಹಾಕಿದ್ದಲ್ಲ, ನಮ್ಮ ಸಮಾಧಾನಕ್ಕೆ ಹಾಕಿಕೊಂಡಿದ್ದು. ಅದು ಅರ್ಥ ಆದ ರಾತ್ರಿ ಅಪ್ಪನಿಗೆ ಹೇಳಿದೆವು, "ಡಾಕ್ಟ್ರಿಗೆ ಫೋನ್ ಮಾಡಿ."

ಅವರು ಮನೆಗೇ ಬಂದರು. ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿದರು. ಮೊದಲು ಮಂಪರಿನ ಇಂಜೆಕ್ಷನ್. ನಿದ್ದೆ ಹೋದ ಮೇಲೆ ಅರಿವಳಿಕೆ ಔಷಧಿಯ ದೊಡ್ಡ ಡೋಸ್ ರಕ್ತನಾಳಕ್ಕೆ. ಪ್ರಜ್ಞೆ ಮೊದಲು ಹೋಗುತ್ತೆ, ಆಮೇಲೆ ಉಸಿರು, ಹೃದಯ. "ಕಣ್ಣು ತೆರೆದೇ ಇರಬಹುದು, ಗಾಬರಿ ಆಗ್ಬೇಡಿ."

ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ನಾವು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕರಿಯಾ, ವಾಕಿಂಗ್ ಹೋಗೋಣ್ವಾ?" ಅಂದೆವು. ಕಿವಿ ಸ್ವಲ್ಪ ಎದ್ದಿತು. ಕೆಲವೇ ನಿಮಿಷ. ಡಾಕ್ಟ್ರು ಸ್ಟೆತೋಸ್ಕೋಪ್ ಇಟ್ಟು ನೋಡಿ, ತಲೆ ಸವರಿ, ಸುಮ್ಮನೆ ನಮ್ಮ ಪಕ್ಕದಲ್ಲೇ ಕೂತರು.

ಹಿತ್ತಲಿನ ಸಪೋಟ ಗಿಡದ ಕೆಳಗೆ ಮಣ್ಣು ಮಾಡಿದೆವು. ನಾವೇ ಕೊಂದೆವಾ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತೆ. ಆಗ ಆ ಏಳು ಇಂಟು ನೆನಪಾಗುತ್ತವೆ.

ಮನೆಯಲ್ಲಿ ವಯಸ್ಸಾದ ನಾಯಿ ಇರುವವರು ಇವತ್ತು ಫೋನ್ ಮಾಡಿದಾಗ ಒಂದು ಮಾತು ಕೇಳಿ: ಅದು ನೀರು ಎಷ್ಟು ಕುಡೀತಿದೆ?