ಲೈನ್ ಮನೆಗೆ ಬಾರದ ಗ್ರಾಮಸಭೆ

ಗ್ರಾಮಸಭೆ ನಿಮ್ಮದು ಅಂತ ಕಾನೂನು ಹೇಳುತ್ತದೆ. ಸಭೆಯ ಹೊತ್ತು ಯಾರದು?

ಬೆಳಿಗ್ಗೆ ಹನ್ನೊಂದು ಗಂಟೆ. ಮೂಡಿಗೆರೆ, ಕಳಸದ ಕಡೆ ಆ ಹೊತ್ತಿಗೆ ನಮ್ಮವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಗಿಡದ ಬುಡದಲ್ಲಿರುತ್ತಾರೆ. ಡಿಸೆಂಬರ್, ಜನವರಿ ಅಂದರೆ ಹಣ್ಣು ಕೊಯ್ಯುವ ಕಾಲ. ಕೊಯ್ದಷ್ಟು ಕೆಜಿಗೆ ಕಾಸು. ಆ ದಿನಗಳಲ್ಲೇ ಪಂಚಾಯಿತಿ ಗೋಡೆಗೆ ಸಭೆಯ ನೋಟೀಸು ಅಂಟುತ್ತದೆ. ನಮ್ಮ ಲೈನಿನಿಂದ ಆ ಗೋಡೆಗೆ ನಾಲ್ಕು ಮೈಲಿ.

"ಸಭೆಗೆ ಬಾ ಅವ್ವಾ" ಅಂದೆ ಒಂದು ಸಲ. ಅವ್ವ ಚೀಲದ ಬಾಯಿ ಬಿಗಿಯುತ್ತಲೇ ಅಂದಳು: "ಬಂದ್ರೆ ನಿಮ್ ಪಂಚಾಯ್ತಿಯೋರು ಇವತ್ತಿನ ಕೂಲಿ ಕೊಡ್ತಾರೇನ್ಲಾ? ಮೇಸ್ತ್ರಿ ಹಾಜ್ರಿ ಹಾಕ್ತಾನಾ?" ಓದಿದವರು ಇದಕ್ಕೆ ನಿರಾಸಕ್ತಿ ಎಂದು ಹೆಸರಿಟ್ಟಿದ್ದಾರೆ. ಅವ್ವ ಹೇಳಿದ್ದು ಬರೀ ಲೆಕ್ಕ.

ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಬಂದ ಕಾನೂನಿನ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದು, ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾದವು. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ. ಇದರಲ್ಲಿ ವಾರ್ಡ್ ಸಭೆಯುಂಟು, ಗ್ರಾಮಸಭೆಯುಂಟು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಗ್ರಾಮಸಭೆಗೆ ಕೋರಂ. ಬಂದವರಲ್ಲಿ ನೂರಕ್ಕೆ 30 ಹೆಂಗಸರಿರಬೇಕು. ಪರಿಶಿಷ್ಟರು ಜನಸಂಖ್ಯೆಗೆ ತಕ್ಕಷ್ಟಿರಬೇಕು. ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸಭೆಗೆ, 2012ರಲ್ಲಿ ತಿದ್ದಿದ ನಿಯಮದಂತೆ, ಅರ್ಧದಷ್ಟು ಜನ ಬೇಕು. ಕಾಡಿನ ಹಕ್ಕಿಗೆ ಅರ್ಧ ಊರು ಬೇಕಾದರೆ ಕುಡಿಯುವ ನೀರಿಗೆ, ಮನೆಗೆ ನೂರು ಜನ ಹೇಗೆ ಸಾಕು?

ಆ ನೂರು ಜನರೂ ಹೇಗೆ ಸೇರುತ್ತಾರೆ! ಪುಸ್ತಕ ಮೊದಲು ಮನೆಮನೆಗೆ ಹೋಗುತ್ತದೆ, ಹೆಬ್ಬೆಟ್ಟು ಬೀಳುತ್ತದೆ, ನಡಾವಳಿ ಆಮೇಲೆ ಹುಟ್ಟುತ್ತದೆ.

ನಾನು ಒಂದು ವಾರ್ಡ್ ಸಭೆಗೆ ಹೋಗಿ ಲೈನಿಗೆ ನೀರು ಕೇಳಿದೆ. "ಅದು ಎಸ್ಟೇಟಿನ ಜಾಗ ಕಣಪ್ಪ, ಸಾವ್ಕಾರ್ರನ್ನ ಕೇಳಿ" ಅಂದರು. ಎಸ್ಟೇಟಿನ ರೈಟರನ್ನು ಕೇಳಿದರೆ, "ಓಟು ಹಾಕಿದ್ದು ಪಂಚಾಯ್ತಿಗೆ ತಾನೆ?" ಕೂಲಿಯವರಿಗೆ ಮನೆ, ನೀರು ಮಾಲೀಕರೇ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಮ್ಮನ್ನು ಕಾಯಲು ಬಂದ ಕಾನೂನೇ ಪಂಚಾಯಿತಿಗೆ ಕೈ ತೊಳೆದುಕೊಳ್ಳುವ ನೀರಾಯಿತು. ಬಸವ ವಸತಿ ಯೋಜನೆಗೆ ಅರ್ಜಿ ಹಾಕೋಣವೆಂದರೆ ಮೊದಲು ನಿವೇಶನದ ಕಾಗದ ತಾ ಅನ್ನುತ್ತಾರೆ. ಲೈನ್ ಮನೆಗೆ ಎಲ್ಲಿಯ ಕಾಗದ? ಮೂರು ತಲೆಮಾರು ಇದ್ದರೂ ಅದು ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುವಂಥದು.

ಸಭೆಯಲ್ಲಿ ನಮ್ಮವರ ಬಾಯಿ ಕಟ್ಟುವುದೂ ಇದೇ. ಮುಂದಿನ ಸಾಲಿನ ಕುರ್ಚಿಯಲ್ಲಿ ತೋಟದವರು ಕೂತಿರುತ್ತಾರೆ. ನೀರಿಲ್ಲ ಅಂತ ಎದ್ದು ಹೇಳಿದರೆ ಅದು ಪಂಚಾಯಿತಿಯ ಮೇಲಿನ ದೂರಾಗುವುದಿಲ್ಲ, ಧಣಿಯ ಮೇಲಿನ ದೂರಾಗುತ್ತದೆ. ನಾಳೆ ಪಾತ್ರೆಪಡಗ ರಸ್ತೆಗೆ ಬಂದರೆ ಯಾವ ನಡಾವಳಿ ಅಡ್ಡ ಬರುತ್ತದೆ? ಹೇಳಲು ಜಾಗವಿಲ್ಲದ ಮಾತು ಬೇರೆ ದಾರಿ ಹಿಡಿಯುತ್ತದೆ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ದಾಳಿಗೆ ಹೆಂಗಸೊಬ್ಬಳು ಸತ್ತಾಗ ಜನ ಶಾಸಕರ ಮೇಲೇ ತಿರುಗಿಬಿದ್ದರು. ಅಂಗಿ ಹರಿದದ್ದು ಎಲ್ಲ ಪತ್ರಿಕೆಯಲ್ಲೂ ಬಂತು.

ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ನಮಗೆ ಹೊಸ ಕಾಯ್ದೆ ಬೇಡ. ವಾರ್ಡ್ ಸಭೆ ಲೈನಿನ ಅಂಗಳಕ್ಕೆ ಬರಲಿ, ಕೆಲಸ ಬಿಟ್ಟ ಮೇಲೆ. ವಾರದ ರಜೆ ಬೇಡ, ಅದು ಸಂತೆಗೆ ಹೋಗುತ್ತದೆ. ಹೋದ ಸಭೆಯಲ್ಲಿ ಕೇಳಿದ್ದು ಏನಾಯಿತೆಂದು ಮೊದಲು ಹೇಳಲಿ. ನಡಾವಳಿಯನ್ನು ಅಲ್ಲೇ ಬರೆದು, ನಮ್ಮ ಮಾತಿನಲ್ಲಿ ಓದಿ, ಆಮೇಲೆ ಹೆಬ್ಬೆಟ್ಟು ಕೇಳಲಿ. ಓದಿ ಹೇಳುವುದಕ್ಕೆ ನೀವು ಬನ್ನಿ. ಕೇಳುವವರು ಒಬ್ಬರಲ್ಲ, ಇಡೀ ಲೈನು ಒಟ್ಟಿಗೆ ಕೇಳಬೇಕು; ನಲವತ್ತು ಮನೆಯನ್ನು ಒಂದೇ ದಿನ ಖಾಲಿ ಮಾಡಿಸಿದರೆ ಹಣ್ಣು ಕೊಯ್ಯುವವರು ಯಾರು?

ಹೀಗೆ ಬರೆದು ಅರ್ಜಿ ಕೊಟ್ಟಿದ್ದೇವೆ, ಸಂಜೆ ಆರೂವರೆಗೆ ಸಭೆ ಬೇಕೆಂದು. "ಕತ್ತಲಾಗ್ತದಲ್ಲಪ್ಪ, ಆನೆ ಕಾಟ ಬೇರೆ" ಅಂದರು. ಆನೆ ಕಾಟ ನಿಜ. ಅದೇ ದಾರಿಯಲ್ಲಿ ನಮ್ಮ ಹೆಂಗಸರು ಮಂಜು ಹರಿಯುವ ಮೊದಲೇ ಕೆಲಸಕ್ಕೆ ಹೊರಡುತ್ತಾರೆ ಅಂದೆವು. ಅರ್ಜಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇವೆ.